ಅಳತೆಗೆ ಕೊಟ್ಟ ಹಳೆಯ ಹಲ್ಲು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಪಕ್ಕದ ಹೂವಿನಂಗಡಿಯವಳು ಬಾಗಿಲಲ್ಲಿ ನಿಂತು, "ಅಕ್ಕಾ, ಹಲ್ಲಣ್ಣ ಹೋಗ್ಬಿಟ್ರಂತೆ ಕಣಕ್ಕ. ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ದೋರು ಹಂಗೇ ಒರಗಿದ್ರಂತೆ" ಅಂದಳು. ನಾನು "ಹೂಂ" ಅಂದು ಹೊಲಿಗೆ ಮುಂದುವರಿಸಿದೆ. ಮುಗಿಸಿ ನೋಡಿದರೆ ಎಡದ ತೋಳು ಬಲಕ್ಕೆ ಕೂತಿತ್ತು. ಇಪ್ಪತ್ತೇಳು ವರ್ಷದಿಂದ ಸೋಮವಾರಪೇಟೆಯ ಹೆಂಗಸರಿಗೆ ಬ್ಲೌಸ್ ಹೊಲಿಯುತ್ತಿದ್ದೇನೆ, ಇಂಥ ತಪ್ಪನ್ನು ಹೊಸದಾಗಿ ಕಲಿಯಲು ಬಂದವರೂ ಮಾಡುವುದಿಲ್ಲ. ಹೊಲಿಗೆ ಬಿಚ್ಚುತ್ತಾ ಕೂತಾಗ ಅಳು ಬಂತು. ಅಂಗಡಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ, ಚೆನ್ನಾಗಿಯೇ ಅತ್ತೆ.

ಹಲ್ಲಣ್ಣ ಅಂದರೆ ಹಲ್ಲಿನ ಡಾಕ್ಟರಲ್ಲ. ಅದನ್ನು ಅವರೇ ಎಲ್ಲರಿಗಿಂತ ಮೊದಲು ಹೇಳುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಡಾಕ್ಟರಮ್ಮನ ಹಲ್ಲಿನ ಕ್ಲಿನಿಕ್ ಇದೆ. ಅದರ ಹಿಂದೆ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಕೋಣೆಯಲ್ಲಿ ಕೂತು ಇವರು ಹಲ್ಲಿನ ಸೆಟ್ಟು ಮಾಡುತ್ತಿದ್ದರು. ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆದು ಕೊಟ್ಟರೆ ಇವರು ಮೇಣ ಕರಗಿಸಿ, ಪ್ಲಾಸ್ಟರ್ ಕಲಸಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ ಹೊಳಪು ಬರಿಸಿ ಕೊಡುವವರು. ಘಟ್ಟದ ಕೆಳಗಿನವರು, ಮನೆಮಾತು ತುಳು. ಇಪ್ಪತ್ತನೆಯ ವಯಸ್ಸಿಗೆ ಮಡಿಕೇರಿಗೆ ಕೆಲಸ ಕಲಿಯಲು ಬಂದರು, ಅಲ್ಲಿಂದ ಸೋಮವಾರಪೇಟೆಗೆ ಬಂದರು, ಮತ್ತೆ ಎಲ್ಲಿಗೂ ಹೋಗಲಿಲ್ಲ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರು ಬಾಯಿ ತುಂಬ ನಗುತ್ತಿದ್ದರೆ ಆ ಹಲ್ಲು ಇವರ ಕೋಣೆಯಿಂದಲೇ ಹೋಗಿರುತ್ತಿತ್ತು.

ಯಾರನ್ನು ಮಾತಾಡಿಸಿದರೂ ಅವರ ಕಣ್ಣು ಮೊದಲು ಬಾಯಿಗೆ ಹೋಗುತ್ತಿತ್ತು. ಹೆಸರು ನೆನಪಿರುತ್ತಿರಲಿಲ್ಲ. "ಯಾರು, ಆ ಮೇಲಿನ ಕೋರೆಹಲ್ಲು ಸೊಟ್ಟ ಇರುವವರ ತಮ್ಮ ಅಲ್ವಾ ನೀವು?" ಎಂದು ಕೇಳಿ ಮರ್ಯಾದಸ್ಥರನ್ನೆಲ್ಲ ನಡುರಸ್ತೆಯಲ್ಲಿ ಪೇಚಿಗೆ ಸಿಕ್ಕಿಸುತ್ತಿದ್ದರು. ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೆಲಸ ಮಾಡುವುದು ಕಂಡರಂತೂ ಮುಗಿಯಿತು, ಅಂಗಡಿಯ ಮುಂದೆ ನಿಂತೇ ಶುರು ಮಾಡುತ್ತಿದ್ದರು.

"ಆ ಮುಂದಿನ ಹಲ್ಲು ಸವೆದು ಹೋಗ್ತದೆ ಮಾರಾಯ್ತಿ. ಮತ್ತೆ ನನ್ನ ಹತ್ರವೇ ಬರ್ಬೇಕು ನೀವು. ಆಗ ನಾನು ಮಾಡಿಕೊಡುದಿಲ್ಲ, ಈಗಲೇ ಹೇಳಿದ್ದೇನೆ!"

"ಕೊಡಬ್ಯಾಡಿ ಬಿಡಿ. ನಿಮ್ಮ ಮನೆಯವ್ರ ಬ್ಲೌಸು ನಾನೂ ಹೊಲಿಯಾಕಿಲ್ಲ."

"ಅಯ್ಯೋ, ಅದು ಬೇಡ. ಮನೆಗೆ ಹೋಗ್ಲಿಕ್ಕಿಲ್ಲ ನಾನು ಹಾಗಾದ್ರೆ."

ಒಂದೇ ಮನೆಯ ಇಬ್ಬರು ಮುದುಕ ಅಣ್ಣತಮ್ಮಂದಿರ ಕತೆಯನ್ನು ಅವರ ಬಾಯಿಂದ ಹತ್ತು ಸಲವಾದರೂ ಕೇಳಿದ್ದೇನೆ. ಇಬ್ಬರದೂ ಇವರೇ ಮಾಡಿದ ಸೆಟ್ಟು. ಮಲಗುವಾಗ ಒಂದೇ ತರದ ಎರಡು ಸ್ಟೀಲ್ ಲೋಟದಲ್ಲಿ ನೀರು ಹಾಕಿ ಅದರಲ್ಲಿಡುತ್ತಿದ್ದರು. ಒಂದು ದಿನ ಲೋಟ ಅದಲುಬದಲಾಯಿತು. ಒಂದು ತಿಂಗಳು ಇಬ್ಬರೂ ಬೇರೆ ಬೇರೆ ದಿನ ಬಂದು ಇವರಿಗೆ ಬೈದರು. ಒಬ್ಬರಿಗೆ ಬಿಗಿ, ಇನ್ನೊಬ್ಬರಿಗೆ ಸಡಿಲ. ಕೊನೆಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಬಾಯಿ ತೆಗೆಸಿದಾಗಲೇ ಗೊತ್ತಾದದ್ದು. ಆಮೇಲಿಂದ ಪ್ರತಿ ಸೆಟ್ಟಿನ ಒಳಗಡೆಯೂ ಸೂಜಿಯಲ್ಲಿ ಕೊರೆದ ಹಾಗೆ ಸಣ್ಣದಾಗಿ ಹೆಸರು ಬರೆಯತೊಡಗಿದರು. "ಆಸ್ಪತ್ರೆಯಲ್ಲಿ ಬೆಡ್‌ಶೀಟಿನೊಟ್ಟಿಗೆ ಒಗೆಯಲಿಕ್ಕೆ ಹೋದ ಸೆಟ್ಟು ಎಷ್ಟುಂಟು ಗೊತ್ತುಂಟಾ? ಹೆಸರಿದ್ರೆ ವಾಪಸ್ ಬರ್ತದೆ" ಎನ್ನುತ್ತಿದ್ದರು.

ಅವರ ಹಲ್ಲಿನ ಬಗ್ಗೆಯೂ ಹೇಳಬೇಕು. ಸೋಮವಾರಪೇಟೆಯಲ್ಲಿ ಅಷ್ಟು ಚಂದದ ಹಲ್ಲು ಇನ್ನೊಬ್ಬರಿಗಿರಲಿಲ್ಲ. ಅರವತ್ತೈದು ದಾಟಿದ ಗಂಡಸು ನಕ್ಕರೆ ಹುಡುಗನ ಹಾಗೆ ಕಾಣುತ್ತಿದ್ದರು. ಅದೇನು ಗುಟ್ಟು ಎಂದು ಕೇಳಿದವರಿಗೆಲ್ಲ, "ಎಂತ ಇಲ್ಲ ಮಾರಾಯ್ರೆ, ದಿನಕ್ಕೆ ಎರಡು ಸರ್ತಿ ಉಜ್ಜುದು, ಅಷ್ಟೇ" ಎನ್ನುತ್ತಿದ್ದರು. ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಅದು ಅವರ ಅಂಗಡಿಯ ಬೋರ್ಡು ಇದ್ದ ಹಾಗೆ.

ಇನ್ನು ನನ್ನ ಅವ್ವನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಹಲ್ಲಣ್ಣನನ್ನು ನಾನು ನಿಜವಾಗಿ ಕಂಡದ್ದು ಅವ್ವನ ದೆಸೆಯಿಂದ.

ಗಂಡ ಇಲ್ಲ, ಮಕ್ಕಳಿಲ್ಲ, ನನಗಿದ್ದದ್ದು ಅವ್ವ ಒಬ್ಬಳೇ. ಅಣ್ಣ ಶನಿವಾರಸಂತೆಯ ಕಡೆ ತೋಟ ನೋಡಿಕೊಂಡಿದ್ದಾನೆ. ಅವ್ವನಿಗೆ ಮರೆವಿನ ಕಾಯಿಲೆ ಶುರುವಾದ ಮೇಲೆ ನನ್ನ ಹತ್ತಿರವೇ ಇಟ್ಟುಕೊಂಡೆ. ಹಗಲು ಅಂಗಡಿಗೆ ಕರೆತಂದು ಮೆಶೀನಿನ ಪಕ್ಕ ಕೂರಿಸುತ್ತಿದ್ದೆ. ಬಟ್ಟೆ ಚೂರು ಕೊಟ್ಟರೆ ಮಡಚುತ್ತಾ, ಬಿಚ್ಚುತ್ತಾ, ಮಡಚುತ್ತಾ ಇರುತ್ತಿದ್ದಳು. ಒಂದೊಂದು ದಿನ ನಾನು ಅವಳಿಗೆ ಮಗಳು, ಒಂದೊಂದು ದಿನ ಅತ್ತಿಗೆ, ಕೆಲವು ದಿನ ಬಾಡಿಗೆ ವಸೂಲಿಗೆ ಬಂದ ಯಾವಳೋ. ಆದರೆ ಊಟ ಮಾತ್ರ ಬಲು ಚೆನ್ನಾಗಿತ್ತು. ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ, ಮೇಲೆ ಎಲೆ ಅಡಿಕೆ. ಇಪ್ಪತ್ತು ವರ್ಷದ ಹಿಂದೆ ಹಲ್ಲಣ್ಣ ಮಾಡಿಕೊಟ್ಟಿದ್ದ ಸೆಟ್ಟು ಎಲೆ ಅಡಿಕೆಯ ಕರೆ ಹಿಡಿದು ಕಂದಾಗಿತ್ತು, ಸವೆದು ಮೊಂಡಾಗಿತ್ತು, ಅವಳು ಕೇರ್ ಮಾಡುತ್ತಿರಲಿಲ್ಲ.

ಒಂದು ದಿನ ಬಚ್ಚಲಲ್ಲಿ ಮೇಲಿನ ಸೆಟ್ಟು ಕೈಜಾರಿ ಬಿದ್ದು ಎರಡು ಹೋಳಾಯಿತು.

ಆಗಲೇ ಹಲ್ಲಣ್ಣನ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ತಲೆ ಸ್ಕ್ಯಾನ್ ಮಾಡಿಸಲು ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋಗುವುದಿತ್ತು. ಅಣ್ಣ, "ಹೆಂಗೂ ಹೋಯ್ತಾ ಇದೀವಿ, ಅಲ್ಲೇ ದೊಡ್ಡ ಕ್ಲಿನಿಕ್ಕಲ್ಲಿ ಹೊಸ ಸೆಟ್ಟೇ ಮಾಡ್ಸಾಣ. ಅವ್ವ ಏನ್ ಆ ಕರೀ ಹಲ್ಲಲ್ಲೇ ಇರ್ಬೇಕಾ?" ಅಂದ. ಪ್ರೀತಿಯಿಂದಲೇ ಅಂದದ್ದು. ನನಗೂ ಹೌದೆನ್ನಿಸಿತು. ಮೂರು ಸಲ ಕಾರು ಬಾಡಿಗೆ ಮಾಡಿಕೊಂಡು ಹೋಗಿಬಂದು, ನನ್ನ ಒಂದು ಮದುವೆ ಸೀಸನ್ನಿನ ಹೊಲಿಗೆ ದುಡ್ಡನ್ನೆಲ್ಲ ಸುರಿದು, ಮಲ್ಲಿಗೆ ಮೊಗ್ಗಿನಂಥ ಹೊಸ ಹಲ್ಲು ತಂದೆವು. ಹಳೆಯದನ್ನು ಬಿಸಾಡಿ ಅಂದಿದ್ದರು. ಟೈಲರು ಯಾವುದನ್ನು ಬಿಸಾಡುತ್ತಾಳೆ? ಹೋಳುಗಳನ್ನೂ ಕೆಳಗಿನ ಸೆಟ್ಟನ್ನೂ ಅಂಗಡಿಯ ಗುಂಡಿ ಡಬ್ಬಿಗೆ ಹಾಕಿ ಮುಚ್ಚಿದೆ.

ಹೊಸ ಹಲ್ಲನ್ನು ಅವ್ವ ಒಂದು ದಿನವೂ ಒಪ್ಪಲಿಲ್ಲ. ಹಾಕಿದ ಕೂಡಲೇ ತಟ್ಟೆಗೆ ಉಗಿಯುವಳು. ಬಲವಂತ ಮಾಡಿದರೆ ಕಚ್ಚುವಳು. ಸರಿ ಮಾಡಿಸಲು ಮತ್ತೆ ಮೈಸೂರಿಗೆ ಹೋಗೋಣವೆಂದರೆ ಹಿಂದಿನ ಸಲ ಓಡುವ ಕಾರಿನ ಬಾಗಿಲು ತೆಗೆಯಲು ಹೋಗಿದ್ದಳು. ಆಗ ನಾನೊಂದು ಘನಕಾರ್ಯ ಮಾಡಿದೆ. ಬಿಗಿಯಾದ ಬ್ಲೌಸನ್ನು ಕಂಕುಳಲ್ಲಿ ಬಿಚ್ಚಿ ಸಡಿಲ ಮಾಡುವವಳಲ್ಲವೇ ನಾನು, ಇದಕ್ಕೇನು ಮಹಾ ಎಂದು ಉಗುರು ಉಜ್ಜುವ ಅರ ತೆಗೆದುಕೊಂಡು ಹೊಸ ಸೆಟ್ಟಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಉಜ್ಜಿದೆ. ಸಡಿಲವಾಯಿತು ಎಂದುಕೊಂಡೆ. ಎರಡು ವಾರ ದಿನವೂ ಅದನ್ನೇ ಅವಳ ಬಾಯಿಗೆ ತುರುಕಿದೆ.

ಅವ್ವ ಊಟ ಬಿಟ್ಟಳು. ರೊಟ್ಟಿಯನ್ನಂತೂ ನೋಡಿದರೇ ಮುಖ ತಿರುಗಿಸುವಳು, ಆಮೇಲೆ ಅನ್ನ, ಆಮೇಲೆ ಗಂಜಿಯೂ ಬೇಡವಾಯಿತು. ಮಾತು ಮುದ್ದೆಯಾಯಿತು, ಏನು ಹೇಳುತ್ತಾಳೋ ಒಂದೂ ತಿಳಿಯದು. ಬಳೆ ಮೊಣಕೈಯವರೆಗೆ ಜಾರುವಷ್ಟು ಇಳಿದುಹೋದಳು. ಮೈಸೂರಿನ ದೊಡ್ಡ ಡಾಕ್ಟರು ಫೋನಿನಲ್ಲಿ ಎಲ್ಲ ಕೇಳಿ, ಈ ಕಾಯಿಲೆಯಲ್ಲಿ ಕೊನೆಕೊನೆಗೆ ಮಾತೂ ಹೋಗುತ್ತದೆ, ನುಂಗುವುದೂ ಮರೆತುಹೋಗುತ್ತದೆ, ಕರೆತನ್ನಿ, ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ನಾವು ಹೇಳಿದ್ದನ್ನು ಕೇಳಿ ಹೇಳಿದ್ದು. ಹಾಕಿದ ನಳಿಕೆಯನ್ನು ಅವ್ವ ಕಿತ್ತುಹಾಕದ ಹಾಗೆ ಕೈ ಕಟ್ಟಬೇಕಾದೀತು, ಮನೆಯಲ್ಲಿ ನರ್ಸ್ ಇಡಬೇಕಾದೀತು. ನರ್ಸಿಗೆ ಸಂಬಳ ಎಲ್ಲಿಂದ ತರುವುದು ಎಂದು ಅಣ್ಣ ಕಾಫಿ ಕೊಯ್ಲಿಗೆ ಮೊದಲೇ ವ್ಯಾಪಾರಿಯ ಹತ್ತಿರ ಮುಂಗಡ ಕೇಳಲು ಹೊರಟಿದ್ದ. ನನ್ನನ್ನು ದುಡ್ಡಿಗಿಂತ ಆ ಕೈ ಕಟ್ಟುವ ಮಾತೇ ಕೊರೆಯುತ್ತಿತ್ತು. ಜೀವಮಾನವಿಡೀ ಕಾಫಿ ಕೊಯ್ದ ಕೈ ಅದು.

ಈ ದಿನಗಳಲ್ಲೆಲ್ಲ ನಾನು ಹಲ್ಲಣ್ಣನನ್ನು ಕಂಡರೆ ತಪ್ಪಿಸಿಕೊಳ್ಳುತ್ತಿದ್ದೆ. ಬೇರೆ ಟೈಲರ ಹತ್ತಿರ ಹೊಲಿಸಿಕೊಂಡ ಗಿರಾಕಿ ನನ್ನನ್ನು ಕಂಡ ಕೂಡಲೇ ರಸ್ತೆ ದಾಟಿ ಆಚೆಗೆ ಹೋಗುತ್ತಾಳೆ, ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿರುತ್ತಾಳೆ. ನಾನೂ ಹಾಗೇ ರಸ್ತೆ ದಾಟಿದೆ. ಅವರು ಬಿಡಬೇಕಲ್ಲ? ಒಂದು ಮಧ್ಯಾಹ್ನ ಹೆಂಡತಿಯ ಬ್ಲೌಸ್ ಹಿಡಿದುಕೊಂಡು ಅಂಗಡಿಗೇ ಬಂದರು. ಮೂಲೆಯಲ್ಲಿ ಕೂತಿದ್ದ ಅವ್ವನನ್ನು ನೋಡಿದರು. ನೋಡಿದ್ದು ಬಾಯಿಯನ್ನೇ.

"ಅಮ್ಮನ ಹಲ್ಲೆಲ್ಲಿ?"

ನಾನು ಕೂತಲ್ಲೇ ಎಲ್ಲ ಒದರಿದೆ. ಮೈಸೂರು, ಹೊಸ ಸೆಟ್ಟು, ಗಂಜಿ, ನಳಿಕೆ. ನಾಲ್ಕು ದಿನ ಬಿಟ್ಟು ಹೊರಡಬೇಕು ಎಂದೆ. ಹೇಳುವಾಗ ದನಿ ಎತ್ತರವಾಯಿತು, ಅವರ ಮೇಲೆಯೇ ಜಗಳಕ್ಕೆ ಹೋದವಳ ಹಾಗೆ. ತಪ್ಪು ನನ್ನದಾದರೆ ನನ್ನ ದನಿ ಎತ್ತರವಾಗುತ್ತದೆ, ಅದು ಹುಟ್ಟುಗುಣ.

ಅವರು ಸಿಟ್ಟಾಗಲಿಲ್ಲ. "ಹಳೇದು ಉಂಟಾ, ಬಿಸಾಡಿದ್ರಾ?" ಎಂದಷ್ಟೇ ಕೇಳಿದರು.

ಗುಂಡಿ ಡಬ್ಬಿಯನ್ನು ಕಟಿಂಗ್ ಮೇಜಿನ ಮೇಲೆ ಸುರಿದೆ. ಹುಕ್ಕು, ಗುಂಡಿ, ಲೇಸಿನ ಚೂರುಗಳ ನಡುವಿನಿಂದ ಎರಡು ಹೋಳನ್ನು ಅವರು ಬೆರಳಲ್ಲಿ ಹೆಕ್ಕಿ, ಪಂಚೆಯ ತುದಿಯಲ್ಲಿ ಒರೆಸಿ, ಒಂದಕ್ಕೊಂದು ಸೇರಿಸಿ ಬೆಳಕಿಗೆ ಹಿಡಿದರು. ಕಳೆದುಹೋದ ದನ ಹಟ್ಟಿಗೆ ಬಂದರೆ ಜನ ಹಾಗೆ ನೋಡುತ್ತಾರೆ.

"ನೋಡಿ, ಎಡಗಡೆ ಹೇಗೆ ಸವೆದಿದೆ. ಎಲೆ ಅಡಿಕೆ ಈಚೆಗೇ ಹಾಕುದು ಇವ್ರು. ಇಪ್ಪತ್ತು ವರ್ಷ ಇವರ ನಾಲಿಗೆ ಇದನ್ನೇ ಮುಟ್ಟಿದ್ದು. ಮರೆವಿನವರ ಬಾಯಿ ಹೊಸದು ಕಲಿಯುದಿಲ್ಲ ಮಾರಾಯ್ತಿ. ನಮಗೆಲ್ಲ ಹೊಸ ಸೆಟ್ಟು ಹಾಕಿದ್ರೆ ಒಂದು ತಿಂಗಳು ಕಷ್ಟಪಟ್ಟು ಕಲೀತೇವೆ. ಅವ್ರಿಗೆ ಅದು ಬಾಯಲ್ಲಿ ಸಿಕ್ಕಿದ ಕಲ್ಲು. ಉಗಿಯದೆ ಎಂತ ಮಾಡ್ತಾರೆ?"

"ಮತ್ತೇನ್ ಮಾಡಾದು?"

"ನಿಮ್ಮ ಹತ್ರ ಹೊಲಿಸ್ಲಿಕ್ಕೆ ಬರುವವ್ರಿಗೆ ನೀವೆಂತ ಹೇಳುದು? ಟೇಪು ಹಿಡಿದು ಮೈ ಅಳೀತೀರಾ?"

ಇಲ್ಲ. ಯಾರಾದರೂ ಬಂದರೆ ನಾನು ಕೇಳುವುದು ಒಂದೇ, ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಅಳತೆಗೆ ಕೊಡಿ ಎಂದು. ಟೇಪು ಹಿಡಿದು ಅಳೆದದ್ದಕ್ಕಿಂತ ಅದೇ ವಾಸಿ. ಹಳೆಯದರಲ್ಲಿ ಅವರ ಗೂನು, ಅವರ ಭುಜದ ಓರೆ, ಎಲ್ಲ ಇರುತ್ತದೆ.

"ಇದು ನಂಗೆ ಅಳತೆ" ಎಂದು ಹೋಳುಗಳನ್ನೂ ಕೆಳಗಿನ ಸೆಟ್ಟನ್ನೂ ಅಂಗಿಯ ಜೇಬಿಗೆ ಹಾಕಿಕೊಂಡರು. "ಅಂಟಿಸಿ ಕೊಟ್ರೆ ಮತ್ತೆ ಒಡೀತದೆ, ವಸಡೂ ತಗ್ಗಿದೆ. ಹೊರಗಡೆ ಎಲ್ಲ ಇದರ ಹಾಗೇ, ಸವೆದದ್ದು ಸವೆದ ಹಾಗೇ ಮಾಡ್ತೇನೆ. ಒಳಗಡೆ ಮಾತ್ರ ಈಗಿನ ವಸಡಿಗೆ ಕೂರಿಸುದು. ಆದರೆ ಮೊದಲು ಡಾಕ್ಟ್ರಮ್ಮ ಬಾಯಿ ನೋಡ್ಬೇಕು. ನಾನು ಡಾಕ್ಟ್ರಲ್ಲ."

ಮಾರನೆಯ ದಿನ ಇಬ್ಬರೂ ಮನೆಗೆ ಬಂದರು. ಅಣ್ಣನೂ ಬಂದಿದ್ದ. ಅವನಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. "ಡಾಕ್ಟ್ರು ನುಂಗಾದೇ ಮರ್ತೋಗೈತೆ ಅಂತವ್ರೆ, ನೀನ್ ಹಲ್ಲು ಹಲ್ಲು ಅಂತೀಯ" ಎಂದು ನನ್ನ ಮೇಲೆ ರೇಗಿಕೊಂಡೇ ಕೂತಿದ್ದ. ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಹತ್ತಿರ ಹೋದದ್ದೇ ತಡ, ಅವ್ವ ಬಾಯಿ ಬಿಗಿದು ತಲೆ ಗೋಡೆಗೆ ಒತ್ತಿಕೊಂಡಳು. ನಾನು ಬೇಡಿಕೊಂಡೆ, ಗದರಿಸಿದೆ. ಉಹುಂ. ಅಣ್ಣ ಎದ್ದು ಹೊರಗೆ ಹೋಗಲು ಚಪ್ಪಲಿ ಹುಡುಕತೊಡಗಿದ.

ಆಗ ಹಲ್ಲಣ್ಣ ಒಂದು ಬಟ್ಟಲು ನೀರು ಕೇಳಿದರು. ಅವ್ವನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬಾಯಿಗೆ ಕೈ ಹಾಕಿ ಮೇಲಿನ ಸೆಟ್ಟು ತೆಗೆದು ನೀರಿಗೆ ಹಾಕಿದರು. ಆಮೇಲೆ ಕೆಳಗಿನದು.

ಆ ಊರಿಗೆಲ್ಲ ಹೆಸರಾದ ಹಲ್ಲು! ಕೆನ್ನೆ ಒಳಗೆ ಹೋಗಿ, ತುಟಿ ಸುಕ್ಕಾಗಿ, ನಮ್ಮ ಕಣ್ಣೆದುರೇ ಅವರಿಗೆ ಹತ್ತು ವರ್ಷ ಹೆಚ್ಚು ವಯಸ್ಸಾಯಿತು. ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಅಣ್ಣ ಒಂದು ಚಪ್ಪಲಿ ಹಾಕಿಕೊಂಡು ಹಾಗೇ ನಿಂತುಬಿಟ್ಟಿದ್ದ. ಹಲ್ಲಣ್ಣ ಯಾರ ಕಡೆಗೂ ನೋಡಲಿಲ್ಲ. ಅವ್ವನ ಕಡೆ ನೋಡಿ, ಬೋಳು ವಸಡು ತೋರಿಸಿ, ಬಾಯಿ ಅಗಲ ಮಾಡಿ ನಕ್ಕರು.

ಅವ್ವ ಬಟ್ಟಲನ್ನು ನೋಡಿದಳು. ಅವರ ಬಾಯಿ ನೋಡಿದಳು. ಆಮೇಲೆ ನಕ್ಕಳು, ಎಷ್ಟೋ ತಿಂಗಳ ಮೇಲೆ. ನಂದೂ ನೋಡು ಎನ್ನುವ ಹಾಗೆ ಬಾಯಿ ಆ ಎಂದು ತೆರೆದಳು. ಹಲ್ಲಣ್ಣ ಬಾಯಿ ತೆರೆದುಕೊಂಡೇ ಇದ್ದರು, ಅವ್ವನೂ ತೆರೆದುಕೊಂಡೇ ಇದ್ದಳು. ಡಾಕ್ಟರಮ್ಮ ಮೆತ್ತಗೆ ಟಾರ್ಚ್ ಬಿಟ್ಟರು.

ಒಳಗೆ ಬಿಳಿಯ ಪೊರೆ ಕಟ್ಟಿತ್ತು. ಮೇಲಿನ ವಸಡಿನ ಬಲಗಡೆ ಬೆರಳುಗುರಿನಷ್ಟು ಅಗಲದ ಹಸಿ ಗಾಯ. ನುಂಗುವುದು ಮರೆತಿರಲಿಲ್ಲ ನನ್ನ ಅವ್ವ, ನೋವಿಗೆ ಬಾಯಿ ಬಿಡುತ್ತಿರಲಿಲ್ಲ. ಹೇಳಲು ಮಾತಿರಲಿಲ್ಲ. ತಲೆಯೊಳಗೆ ಏನಿದೆ ಎಂದು ನೋಡಲು ಮೈಸೂರಿನವರೆಗೆ ಹೋದೆವು, ಬಾಯೊಳಗೆ ಏನಿದೆ ಎಂದು ಮನೆಯಲ್ಲಿದ್ದ ಟಾರ್ಚ್ ಹಾಕಿ ನಾನು ಒಂದು ದಿನವೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಅಸಹ್ಯವಾಗುತ್ತಿತ್ತು. ಇನ್ನೊಬ್ಬರ ಎಂಜಲಿಗೆ ಕೈ ಹಾಕಬಾರದೆಂದು ನನಗೆ ಕಲಿಸಿದವಳೂ ಅವಳೇ.

"ಇದು ಹೇಗಾಯ್ತು ಇಲ್ಲಿ? ಕುಯ್ದ ಹಾಗಿದೆಯಲ್ಲ" ಎಂದು ಡಾಕ್ಟರಮ್ಮ ಕೇಳಿದರು.

ನನಗೆ ಗೊತ್ತಾಯಿತು. ನಾನು ಅರ ಹಾಕಿದ್ದು ಅದೇ ಜಾಗ. ಹಲ್ಲಣ್ಣ ಮೈಸೂರಿನ ಸೆಟ್ಟನ್ನು ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಬಲಗಡೆ ಬೆರಳು ನಿಂತಿತು. ತಲೆಯೆತ್ತಿ ನನ್ನ ಮುಖ ನೋಡಿದರು. ಅಣ್ಣ ಅಲ್ಲೇ ನಿಂತಿದ್ದ. ಹಲ್ಲಣ್ಣ ಸೆಟ್ಟನ್ನು ಜೇಬಿಗೆ ಹಾಕಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ, "ಒತ್ತಿದ್ದು ಡಾಕ್ಟ್ರೆ. ಹೊಸದು ಕೆಲವು ಸರ್ತಿ ಹಾಗೆ ಮಾಡ್ತದೆ" ಅಂದರು.

ಎರಡು ದಿನ ಬಿಟ್ಟು ಆ ಸೆಟ್ಟನ್ನು ಪೇಪರಿನಲ್ಲಿ ಸುತ್ತಿ ಅಂಗಡಿಗೆ ತಂದುಕೊಟ್ಟರು. ನಾನು ಉಜ್ಜಿದ್ದ ಅಂಚು ಕನ್ನಡಿಯ ಹಾಗೆ ನುಣ್ಣಗಾಗಿತ್ತು. "ಇನ್ನು ಯಾರಿಗೂ ಗೊತ್ತಾಗುದಿಲ್ಲ. ನೀವೂ ಮರೆತುಬಿಡಿ" ಅಂದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಆಗ ಬೈದರು ನೋಡಿ! "ನಾನು ಯಾವತ್ತಾದ್ರೂ ನಿಮ್ಮ ಬ್ಲೌಸಿಗೆ ಕತ್ತರಿ ಹಾಕಿದ್ದುಂಟಾ? ಎಂತ ಧೈರ್ಯ ಮಾರಾಯ್ತಿ ನಿಮ್ಗೆ!" ಐದು ನಿಮಿಷ ಬೈದರು. ನಾನು ತಲೆ ತಗ್ಗಿಸಿ ಕೇಳಿದೆ, ನನ್ನ ಜನ್ಮದಲ್ಲಿ ಹಾಗೆ ಯಾರ ಮಾತನ್ನೂ ಕೇಳಿರಲಿಲ್ಲ. ಅಣ್ಣನಿಗೆ ಈ ವಿಷಯ ಇವತ್ತಿಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗಲಿ, ಆಗ ಅವನ ಹತ್ತಿರವೂ ಬೈಸಿಕೊಳ್ಳುತ್ತೇನೆ.

ಡಾಕ್ಟರಮ್ಮನ ಮಾತು ಕೇಳಿ ಅಣ್ಣ ಮೈಸೂರಿಗೆ ಹೋಗುವುದನ್ನು ಹದಿನೈದು ದಿನ ಮುಂದೆ ಹಾಕಿದ. ಅಷ್ಟರಲ್ಲಿ ಊಟ ಸೇರದಿದ್ದರೆ ಮತ್ತೆ ಯಾರ ಮಾತೂ ಕೇಳುವುದಿಲ್ಲ, ಅವ್ವನನ್ನು ಹಸಿವಿಗೆ ಬಿಡಲು ಆಗುವುದಿಲ್ಲ ಎಂದ. ಅದೂ ನ್ಯಾಯವೇ. ಆ ಹದಿನೈದು ದಿನ ದಿನಕ್ಕೆ ನಾಲ್ಕು ಸಲ ಬಾಯಿಗೆ ಮದ್ದಿನ ಹನಿ ಬಿಟ್ಟೆ. ಎರಡು ಚಮಚ ಗಂಜಿ ಹೋದರೂ ಆಮೇಲೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡು, ನಾಲಿಗೆ, ಕೆನ್ನೆಯ ಒಳಗೆಲ್ಲ ಒರೆಸಿದೆ. ಬಟ್ಟೆ ಬೇರೆಯಲ್ಲ, ನನ್ನ ಅಂಗಡಿಯದೇ ಮೆತ್ತನೆಯ ಲೈನಿಂಗ್ ಬಟ್ಟೆ. ಹೇಗೆ ಒರೆಸಬೇಕೆಂದು ಹಲ್ಲಣ್ಣ ತಮ್ಮ ಬಾಯಲ್ಲೇ ಮಾಡಿ ತೋರಿಸಿದ್ದರು. "ಅವರ ಎದುರು ನೀವೂ ಬಾಯಿ ತೆಗೀಬೇಕು, ಆಗ ಅವರೂ ತೆಗೀತಾರೆ. ಹೇಳಿದ್ದು ಮರೆತುಹೋಗ್ತದೆ ಅವ್ರಿಗೆ, ನೋಡಿದ್ದು ಮಾಡ್ತಾರೆ" ಎಂದಿದ್ದರು. ಮೊದಲ ದಿನ ವಾಕರಿಕೆ ಬಂತು. ನಾಲ್ಕನೆಯ ದಿನಕ್ಕೆ ಅದು ಮುಖ ತೊಳೆದಷ್ಟೇ ಮಾಮೂಲಾಯಿತು.

ಮಧ್ಯೆ ಒಂದು ದಿನ ಡಾಕ್ಟರಮ್ಮ ಅಚ್ಚು ತೆಗೆದರು. ಮತ್ತೆ ಹಲ್ಲಣ್ಣನ ಹಲ್ಲು ಬಟ್ಟಲಿಗೆ ಬಿತ್ತು. ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಹೇಳಿದವನು ಅಣ್ಣನೇ ಇರಬೇಕು, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಹೋಟೆಲಿನಲ್ಲಿ ಒಬ್ಬ, "ಏನಣ್ಣ, ದಿನಕ್ಕೆ ಎರಡ್ ಸರ್ತಿ ಉಜ್ಜೋದು ಬಟ್ಟಲಲ್ಲಿಟ್ಟಾ?" ಎಂದು ಎಲ್ಲರೆದುರು ಕೇಳಿದನಂತೆ. "ಹೌದು, ಬಟ್ಟಲಲ್ಲಿಟ್ಟೇ. ನಿಮ್ಮದೂ ತೆಗೆದುಕೊಡಿ, ಒಟ್ಟಿಗೆ ಉಜ್ಜುವ" ಅಂದರಂತೆ ಇವರು. ನನ್ನಿಂದ ಅವರಿಗೆ ಹೀಗಾಯಿತಲ್ಲ ಎಂದು ನಾನು ಮುಖ ಸಣ್ಣ ಮಾಡಿಕೊಂಡು ಹೇಳಿದಾಗ, ಮೂವತ್ತು ವರ್ಷ ಮುಚ್ಚಿಟ್ಟದ್ದು ಸಾಕಾಗಿತ್ತು, ಈಗ ಹಾಯಾಗಿದೆ ಎಂದರು. ಅದು ಪೂರ್ತಿ ನಿಜವಲ್ಲವೆಂದು ನನಗೆ ಗೊತ್ತು. ಕೆಲವು ವಾರ ಅವರು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕಾಫಿಗೆ ಹೋಗುವುದನ್ನು ಬಿಟ್ಟಿದ್ದರು.

ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡರು. ಮೈಸೂರಿನ ಖರ್ಚಿನ ಎದುರು ಅದು ಏನೂ ಅಲ್ಲ. ಇನ್ನು ಮುಂದೆ ನಿಮ್ಮ ಮನೆಯವರ ಬ್ಲೌಸಿಗೆ ಕೂಲಿ ತೆಗೆದುಕೊಳ್ಳುವುದಿಲ್ಲ ಎಂದರೆ ಒಪ್ಪಲೇ ಇಲ್ಲ, ಬ್ಲೌಸನ್ನು ವಾಪಸ್ ಹಿಡಿದುಕೊಂಡು ಹೊರಟೇಬಿಟ್ಟರು. ನಾನೇ ಹಿಂದೆ ಓಡಿ ಕಿತ್ತುಕೊಂಡು ಬಂದೆ.

ಅವ್ವ ಆಮೇಲೆ ಒಂದೂವರೆ ವರ್ಷ ಬದುಕಿದಳು. ಕಾಯಿಲೆ ಏನೂ ವಾಸಿಯಾಗಲಿಲ್ಲ, ಮರೆವು ತನ್ನ ಪಾಡಿಗೆ ತಾನು ಏರುತ್ತಲೇ ಹೋಯಿತು. ಕೊನೆಯ ದಿನಗಳಲ್ಲಿ ನಾನು ಯಾರೂ ಆಗಿರಲಿಲ್ಲ ಅವಳಿಗೆ. ಆದರೆ ನಳಿಕೆ ಹಾಕಲಿಲ್ಲ, ಕೈ ಕಟ್ಟಲಿಲ್ಲ, ತಿಂದುಕೊಂಡೇ ಹೋದಳು. ಆ ಸೆಟ್ಟಿನೊಳಗೆ ಸಣ್ಣದಾಗಿ ಬರೆದ ಅವಳ ಹೆಸರಿತ್ತು. ಅವಳ ಸುದ್ದಿ ಕೇಳಿ ಬೇರೆ ಮನೆಯವರೂ ಕರೆಯತೊಡಗಿದರು. ಹಲ್ಲಣ್ಣ ಮರೆವಿನವರಿರುವ ಮನೆಗಳಿಗೆಲ್ಲ ಭಾನುವಾರ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಡಬ್ಬಿಯಲ್ಲಿ ಒಂದು ಬಟ್ಟಲು, ಟಾರ್ಚು, ಮೆತ್ತನೆಯ ಬಟ್ಟೆ. ಬಟ್ಟೆ ನಾನೇ ಕತ್ತರಿಸಿ ಅಂಚು ಹೊಲಿದು ಕೊಡುತ್ತಿದ್ದೆ. ಅದಕ್ಕೆ ಮಾತ್ರ ದುಡ್ಡು ಕೊಡಲು ನಾನು ಬಿಡಲಿಲ್ಲ. ಎಷ್ಟು ಮನೆಯಲ್ಲಿ ಅವರು ತಮ್ಮ ಹಲ್ಲು ತೆಗೆದು ನಗಿಸಿದರೋ ಲೆಕ್ಕವಿಲ್ಲ. ಹಲ್ಲಣ್ಣನ ಮಣ್ಣಿಗೆ ಹೋದ ದಿನ ಅವರ ಅಂಗಳದಲ್ಲಿ ಸೇರಿದ್ದ ಮುದುಕ ಮುದುಕಿಯರನ್ನು ನೋಡಿ ನನಗೆ ಎಷ್ಟೋ ಸಮಾಧಾನವಾಯಿತು. ಒಳ್ಳೆಯ ಮನುಷ್ಯ. ನನ್ನ ಅವ್ವನ ಬಾಯಿಗೆ ಅನ್ನ ವಾಪಸ್ ಕೊಟ್ಟವರು, ನನ್ನ ಮಾನ ಮುಚ್ಚಿದವರು. ಬದುಕಿದ್ದಾಗ ಒಂದು ಸಲವೂ ಎದುರು ನಿಂತು ಹೀಗೆ ಹೇಳಲಿಲ್ಲ. ಹೇಳಲು ಹೋದರೆ "ಪಿನ್ನು ಬಾಯಿಂದ ತೆಗೀರಿ ಮೊದಲು" ಎನ್ನುತ್ತಿದ್ದರು.

ಅಣ್ಣ ಕೊಟ್ಟಿದ್ದ ಹದಿನೈದು ದಿನದ ಗಡುವು ಮುಗಿದ ಆ ಬೆಳಗನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಎನ್ನುತ್ತದೆ.

ಅಣ್ಣ ಕಾರು ಹೇಳಿಯೇ ಬಂದಿದ್ದ. ಕಾರು ಅಂಗಳದಲ್ಲಿ ನಿಂತಿತ್ತು, ಡ್ರೈವರು ಒಳಗೆ ಕೂತು ಕಾಯುತ್ತಿದ್ದ. ನಾನು ಅವ್ವನ ಸೀರೆ, ಟವೆಲು, ರಿಪೋರ್ಟಿನ ಕವರು ಎಲ್ಲ ಬ್ಯಾಗಿಗೆ ತುಂಬಿಟ್ಟಿದ್ದೆ. ಒಲೆಯ ಮೇಲೆ ಅಕ್ಕಿರೊಟ್ಟಿ ಬೇಯುತ್ತಿತ್ತು. ರೊಟ್ಟಿಯೇ ಆಗಬೇಕು, ಗಂಜಿ ಕುಡಿದು ತೋರಿಸಿದರೆ ತಾನು ಒಪ್ಪುವುದಿಲ್ಲ ಎಂದು ಹಲ್ಲಣ್ಣನೇ ಹೇಳಿದ್ದರು.

ಅವರು ನೆಲದ ಮೇಲೆ ಅವ್ವನ ಎದುರು ಕೂತು ಎರಡು ಬಟ್ಟಲು ಇಟ್ಟುಕೊಂಡರು. ಒಂದಕ್ಕೆ ತಮ್ಮ ಹಲ್ಲು ತೆಗೆದು ಹಾಕಿದರು. ಇನ್ನೊಂದರಲ್ಲಿ ಹೊಸದಾಗಿ ಮಾಡಿದ ಹಳೆಯ ಸೆಟ್ಟು. ನಾನು ಬಗ್ಗಿ ನೋಡಿದೆ. ಎಡಗಡೆ ಸವೆದಿತ್ತು. ಎಲೆ ಅಡಿಕೆಯ ಕರೆಯನ್ನೂ ಬಿಟ್ಟಿರಲಿಲ್ಲ, ಅದೇ ಕಂದು ಬಣ್ಣ ಅಲ್ಲಲ್ಲಿ ತೀಡಿದ್ದರು. ಅವ್ವ ಮೊದಲು ಅವರ ಬಟ್ಟಲಿಗೇ ಕೈ ಹಾಕಿದಳು. ಅವರು ಬಟ್ಟಲುಗಳನ್ನು ಮೆಲ್ಲಗೆ ಅದಲುಬದಲು ಮಾಡಿ ಇಟ್ಟರು. ಅವಳು ಸೆಟ್ಟನ್ನು ಎತ್ತಿಕೊಂಡು ಎಡಗಡೆಯ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಯಾರೂ ಹೇಳದೆ, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೊದಲು ಕೆಳಗಿನದು ಆಮೇಲೆ ಮೇಲಿನದು, ಇಪ್ಪತ್ತು ವರ್ಷ ಹಾಕಿಕೊಂಡ ಹಾಗೇ ಹಾಕಿಕೊಂಡಳು. ಎರಡು ಸಲ ಟಕ್ ಟಕ್ ಎಂದು ಕಚ್ಚಿ ನೋಡಿದಳು.

ನಾನು ತಟ್ಟೆ ಇಟ್ಟೆ. ಅವಳು ರೊಟ್ಟಿ ಮುರಿದಳು, ಪಲ್ಯದಲ್ಲಿ ಅದ್ದಿದಳು, ಬಾಯಿಗಿಟ್ಟಳು. ಎಡಗಡೆಯಿಂದ ಜಗಿದಳು. ನುಂಗಿದಳು. ಇನ್ನೊಂದು ತುತ್ತು ಮುರಿದಳು. ಅಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಬೆನ್ನು ಅಲುಗುತ್ತಿತ್ತು. ರೊಟ್ಟಿ ಜಗಿಯುವ ಸದ್ದೊಂದೇ ಕೇಳುತ್ತಿತ್ತು. ಹಲ್ಲಣ್ಣ ಹಾಗೇ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತಿದ್ದರು, ಸುಕ್ಕಾದ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಒಂದು ರೊಟ್ಟಿ ಮುಗಿಸಿದ ಮೇಲೆ ಅವ್ವ ತಲೆ ಎತ್ತಿ ಅವರನ್ನು ನೋಡಿದಳು. ಅವರ ಬೋಳು ಬಾಯಿ ನೋಡಿದಳು. ತಟ್ಟೆಯಲ್ಲಿ ಉಳಿದಿದ್ದ ರೊಟ್ಟಿಯನ್ನು ಅವರ ಕಡೆ ತಳ್ಳಿ, ತಿಂಗಳುಗಟ್ಟಲೆ ನಮಗ್ಯಾರಿಗೂ ಅರ್ಥವಾಗದಿದ್ದ ಆ ಬಾಯಿಂದ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ, ಗದರಿಸುವ ದನಿಯಲ್ಲಿ ಹೇಳಿದಳು:

"ಹಲ್ ಹಾಕ್ಕ ಮಗ. ರೊಟ್ಟಿ ಆರೋಯ್ತದೆ."

ಅಣ್ಣ ಕಣ್ಣೊರೆಸಿಕೊಂಡು, ಕಾರು ವಾಪಸ್ ಕಳಿಸಲು ಹೊರಗೆ ಹೋದ.